ಬಿಚ್ಚುವ ಮುನ್ನ ಓಡಿಸಿದ ಜಿಟಿಒ

ಛಾವಣಿ ಮಡಚಬಹುದಾದ ಹಳೆಯ ಅಮೆರಿಕನ್ ಕಾರು, 1966ರ ಪಾಂಟಿಯಾಕ್ ಜಿಟಿಒ ಕನ್ವರ್ಟಿಬಲ್ ಒಂದನ್ನು ಮಿಷಿಗನ್ನಿನ ಒಂದು ಹೊಲದ ಶೆಡ್ಡಿನಿಂದ ಸುಮಾರು ಹತ್ತೊಂಬತ್ತು ಸಾವಿರ ಡಾಲರಿಗೆ ಕೊಂಡು ತಂದಾಗ, ಹಳೆಯ ಕಾರುಗಳ ಹುಚ್ಚಿರುವ ನನ್ನ ಗೆಳೆಯರೆಲ್ಲರೂ ಹೇಳಿದ್ದು ಒಂದೇ ಮಾತು: ಬಾಡಿಯನ್ನು ಫ್ರೇಮಿನಿಂದ ಎತ್ತಿ, ಎಲ್ಲವನ್ನೂ ಬಿಚ್ಚಿ, ಒಂದೇ ಸಲಕ್ಕೆ ಸರಿಮಾಡಬೇಕು, ಮಧ್ಯದಲ್ಲಿ ಓಡಿಸಲು ಹೋದರೆ ಅದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯಬೇಕಾಗುತ್ತದೆ. ವಿಚಾರಿಸಿದ ಒಂದು ವರ್ಕ್‌ಶಾಪಿನವರು ಪೂರ್ತಿ ಕೆಲಸಕ್ಕೆ ತೊಂಬತ್ತು ಸಾವಿರದಿಂದ ಲೆಕ್ಕ ಶುರುಮಾಡಿದರು. ಹೀಗೆ ಬಿಚ್ಚಿದ ಕಾರುಗಳು ಮುಂದೆ ರಟ್ಟಿನ ಪೆಟ್ಟಿಗೆಗಳಲ್ಲಿ ಅರ್ಧ ಬೆಲೆಗೆ ಮಾರಾಟವಾಗುವುದನ್ನು ಸಾಕಷ್ಟು ನೋಡಿದ್ದರಿಂದ, ಮೊದಲು ಓಡಿಸುತ್ತೇನೆ, ಆಮೇಲೆ ಬಿಚ್ಚುತ್ತೇನೆ ಎಂದು ಹಟ ಹಿಡಿದೆ. ಕಾರು ಈಗ ಎರಡನೆಯ ಬೇಸಿಗೆಯಲ್ಲಿ ರಸ್ತೆಯ ಮೇಲಿದೆ. ಓಡುವಂತೆ ಮಾಡಲು ತಗುಲಿದ್ದು ಹೆಚ್ಚುಕಡಿಮೆ ನಾಲ್ಕೂವರೆ ಸಾವಿರ. ಅದರಲ್ಲಿ ನೀರುಪಾಲಾದದ್ದು ಐನೂರನ್ನು ದಾಟಲಾರದು.

ಕಂಪನಿ ಗಾಡಿಗೆ ಹೊಡೆದ ನಂಬರು, ಆ ವರ್ಷ ಜಿಟಿಒಗೇ ಮೀಸಲಾಗಿದ್ದ 242ರಿಂದ ಶುರುವಾಗುವುದರಿಂದ ಇದು ಅಸಲಿ ಜಿಟಿಒ ಎಂಬುದರಲ್ಲಿ ಅನುಮಾನವಿರಲಿಲ್ಲ. ಆ ವರ್ಷ ತಯಾರಾದ ಸುಮಾರು 97 ಸಾವಿರ ಜಿಟಿಒಗಳಲ್ಲಿ ಕನ್ವರ್ಟಿಬಲ್‌ಗಳು 13 ಸಾವಿರಕ್ಕೂ ಕಡಿಮೆ. ನನ್ನದು 389 ಕ್ಯೂಬಿಕ್ ಇಂಚಿನ ಎಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಒಂದೇ ಕಾರ್ಟರ್ ಎಎಫ್‌ಬಿ ಕಾರ್ಬುರೇಟರ್, ಎರಡು ಗೇರಿನ ಆಟೊಮ್ಯಾಟಿಕ್ ಇರುವ ಗಾಡಿ. ಬಹಳ ವರ್ಷ ನಿಂತಿದ್ದ ಎಂಜಿನ್ನನ್ನು ಸಡಿಲಿಸುವ ವಿಧಾನ ಎಲ್ಲರಿಗೂ ಗೊತ್ತಿರುವುದೇ. ಸಿಲಿಂಡರುಗಳಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಎಣ್ಣೆ) ಮತ್ತು ಅಸಿಟೋನ್ ಸಮಸಮ ಬೆರೆಸಿ ಬಿಟ್ಟು, ವಾರ ಕಳೆದ ಮೇಲೆ ಉದ್ದನೆಯ ಬಾರ್ ಹಾಕಿ ಕೈಯಲ್ಲೇ ತಿರುಗಿಸಿದೆ. ಕ್ರ್ಯಾಂಕನ್ನು ಹಿಂದೆ ಮುಂದೆ ಆಡಿಸಿದಾಗ ಹದಿನೈದು ಡಿಗ್ರಿಯಷ್ಟು ತಿರುಗಿದ ಮೇಲಷ್ಟೇ ಡಿಸ್ಟ್ರಿಬ್ಯೂಟರಿನ ರೋಟರ್ ಅಲುಗುತ್ತಿತ್ತು. ಕ್ರ್ಯಾಂಕಿನ ಸುತ್ತನ್ನು ವಾಲ್ವು ತೆರೆಯುವ ಕ್ಯಾಮ್‌ಗೂ, ಅದರಿಂದ ಈ ರೋಟರಿಗೂ ಮುಟ್ಟಿಸುವ ಟೈಮಿಂಗ್ ಚೈನು ಹೋಗಿದೆ ಎನ್ನಲು ಅಷ್ಟು ಸಾಕು.

ಪಾಂಟಿಯಾಕ್‌ನಲ್ಲಿ ಪೆಟ್ರೋಲ್ ಪಂಪು ಆ ಚೈನನ್ನು ಮುಚ್ಚುವ ಟೈಮಿಂಗ್ ಕವರಿನ ಮೇಲೆಯೇ ಕೂತಿರುವುದು ಒಂದು ಉಪಕಾರ. ಪಂಪನ್ನು ಬಿಚ್ಚಿ, ಆ ತೂತಿನಿಂದ ಮೂವತ್ತು ಡಾಲರಿನ ಬೋರ್‌ಸ್ಕೋಪ್ (ತೆಳು ಕೇಬಲಿನ ತುದಿಯ ಕ್ಯಾಮೆರಾ) ಒಂದನ್ನು ಇಳಿಸಿ ನೋಡಿದೆ. ಕ್ಯಾಮ್ ಗೇರಿನ ಅಲ್ಯೂಮಿನಿಯಂ ಮೇಲೆ ಕಂಪನಿ ಎರೆದಿದ್ದ ನೈಲಾನ್ ಹಲ್ಲುಗಳು ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ನಾಲ್ಕೈದು ಹಲ್ಲುಗಳು ಜಾಗದಲ್ಲೇ ಇರಲಿಲ್ಲ. ಉದುರಿದ ಹಲ್ಲು ಎಂಜಿನ್ ತಳದ ಆಯಿಲ್ ಪ್ಯಾನಿಗಲ್ಲದೆ ಬೇರೆಲ್ಲಿಗೂ ಹೋಗುವುದಿಲ್ಲ. ಈ ಕಾರಿನಲ್ಲಿ ಪ್ಯಾನ್ ಇಳಿಸಬೇಕೆಂದರೆ ಎಂಜಿನ್ ಮೌಂಟುಗಳನ್ನು ಬಿಚ್ಚಿ ಎಂಜಿನ್ನನ್ನು ಮೇಲೆತ್ತಲೇಬೇಕು. ಮಸ್ಟ್ಯಾಂಗ್ ಇಟ್ಟುಕೊಂಡಿರುವ ಉಡುಪಿಯ ಗೆಳೆಯ ಹಾಯ್ಸ್ಟಿನ ಪಕ್ಕದಲ್ಲಿ ನಿಂತು, "ಎತ್ತಿದ್ದು ಆಯ್ತಲ್ಲ ಮಾರಾಯ, ಹೊರಗೇ ತೆಗೆದುಬಿಡು," ಎಂದ. ನಾನು ಕೇಳಲಿಲ್ಲ. ಪ್ಯಾನಿನ ತಳದ ಕೆಸರಿನಲ್ಲಿಯೂ ಆಯಿಲ್ ಪಿಕಪ್ಪಿನ ಜಾಲರಿಯಲ್ಲಿಯೂ ಸಿಕ್ಕ ನೈಲಾನ್ ಚೂರುಗಳನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ, ಹಳೆಯ ಗೇರಿನ ಪಕ್ಕದಲ್ಲಿ ಜೋಡಿಸಿ, ಎಲ್ಲ ಹಲ್ಲುಗಳೂ ಲೆಕ್ಕಕ್ಕೆ ಬಂದ ಮೇಲಷ್ಟೇ ಪ್ಯಾನ್ ಮುಚ್ಚಿದೆ. ಕಬ್ಬಿಣದ ಗೇರಿನ ಡಬಲ್ ರೋಲರ್ ಸೆಟ್ಟಿಗೆ ನೂರರ ಆಸುಪಾಸು, ನೀರು ತಿಂದುಹಾಕಿದ್ದ ಟೈಮಿಂಗ್ ಕವರಿಗೆ ಇನ್ನೂರರ ಆಸುಪಾಸು ಆಯಿತು. ಮರುಜೋಡಣೆಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡನ್ನು ಕವರಿಗೆ ಎಳೆಯುವ ಉದ್ದನೆಯ ಬೋಲ್ಟನ್ನು ಮೊದಲು ಬಿಗಿಮಾಡಿ, ಉಳಿದವನ್ನು ಆಮೇಲೆ ಬಿಗಿಮಾಡಬೇಕು. ಇಲ್ಲವಾದರೆ ಅಲ್ಲಿನ ರಬ್ಬರ್ ರಿಂಗು ಸರಿಯಾಗಿ ಕೂರದೆ ನೀರು ಜಿನುಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಡ್ರಿಲ್ಲಿನಿಂದ ಆಯಿಲ್ ಪಂಪನ್ನು ತಿರುಗಿಸಿ ಎಂಜಿನ್ನಿಗೆ ಆಯಿಲ್ ಏರಿಸುವಾಗ (ಪ್ರೈಮ್ ಮಾಡುವಾಗ) ಷೆವರ್ಲೆ ಅಭ್ಯಾಸದವರು ಡ್ರಿಲ್ಲನ್ನು ಉಲ್ಟಾ ತಿರುಗಿಸಲು ಮರೆಯಬಾರದು, ಏಕೆಂದರೆ ಆ ಪಂಪನ್ನು ತಿರುಗಿಸುವ ಪಾಂಟಿಯಾಕ್‌ನ ಡಿಸ್ಟ್ರಿಬ್ಯೂಟರ್ ಎಡಕ್ಕೆ ಸುತ್ತುತ್ತದೆ. ನನಗೆ ಐವತ್ತು ಪೌಂಡಿನಷ್ಟು ಒತ್ತಡ ಬಂದಿತು.

ಪೆಟ್ರೋಲಿನ ಕಡೆಯದು ಬೇರೆಯೇ ಗೋಳು. ಹಳೆಯ ಟ್ಯಾಂಕನ್ನು ಉಳಿಸೋಣವೆಂದು ವಿನಿಗರ್ ತುಂಬಿಸಿ ಕೆಲವು ದಿನ ಇಟ್ಟೆ. ತುಕ್ಕೇನೋ ಹೋಯಿತು, ಆದರೆ ತೂತುಗಳನ್ನು ಮುಚ್ಚಿಕೊಂಡಿದ್ದದ್ದೂ ಅದೇ ತುಕ್ಕಾಗಿತ್ತು. ಇನ್ನೂರು ಡಾಲರಿನ ಹೊಸ ಟ್ಯಾಂಕ್ ಬರುವವರೆಗೆ ದೋಣಿಯ ಎಂಜಿನ್ನಿಗೆ ಬಳಸುವ ಕೆಂಪು ಪ್ಲಾಸ್ಟಿಕ್ ಟ್ಯಾಂಕಿನಿಂದಲೇ ಎಂಜಿನ್ ಚಲಾಯಿಸಿದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುವುದರಿಂದ ಹೋಸುಗಳನ್ನೂ ಪಂಪನ್ನೂ ಒಟ್ಟಿಗೇ ಬದಲಾಯಿಸಿದೆ. ಮುನ್ನೂರೈವತ್ತು ಕೊಟ್ಟು ಹೊರಗಡೆ ಸರಿಮಾಡಿಸಿದ ಕಾರ್ಬುರೇಟರ್ ಮೊದಲ ದಿನವೇ ಉಕ್ಕಿ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ಚೆಲ್ಲಿತು. ಬಿಚ್ಚಿದರೆ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಎರಡೂ ಫ್ಲೋಟುಗಳ ಎತ್ತರ ಎರಡು ಬಗೆಯದು. ನಾನೇ ಕೂತು ಸರಿಮಾಡಿದೆ. ಈಗ ಬಿಸಿಲಿನಲ್ಲಿ ನಿಲ್ಲಿಸಿ ಅರ್ಧ ಗಂಟೆಯ ನಂತರ ಕೀಲಿ ತಿರುಗಿಸಿದರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಫ್ಲೋಟಿಗೆ ನಾನು ಇಟ್ಟ ಅಳತೆ ಪುಸ್ತಕದ್ದಲ್ಲ, ಅದನ್ನು ಇಲ್ಲಿ ಬರೆಯುವುದೂ ಇಲ್ಲ.

ಬ್ರೇಕಿನಲ್ಲಿ ಮಾತ್ರ ಒಂದು ಪೈಸೆಯನ್ನೂ ಉಳಿಸಬಾರದು. 1966ರ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಸೇರಿ, ಪೆಡಲು ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಕೋಣೆ ಒಂದೇ. ಎಲ್ಲಿ ಒಡೆದರೂ ಪೆಡಲು ನೆಲಕ್ಕೆ. ಎರಡು ಕೋಣೆಯದು ಬಂದದ್ದು 1967ರಲ್ಲಿ. ಆ ವರ್ಷದ ಡ್ರಮ್ ಬ್ರೇಕಿನ ಸಿಲಿಂಡರನ್ನೇ ತಂದು ಕೂರಿಸಿ, ಹಿಂದಿನ ಮತ್ತು ಮುಂದಿನ ಪೈಪುಗಳನ್ನು ಬೇರ್ಪಡಿಸಿದೆ. ಡಿಸ್ಕಿನದು ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಡ್ರಮ್ಮಿಗೆ ಬೇಕಾದ ಉಳಿಕೆ ಒತ್ತಡ ಪೈಪಿನಲ್ಲಿ ನಿಲ್ಲುವುದಿಲ್ಲ. ಎಲ್ಲ ಮುಗಿದ ಮೇಲೂ ಎಡಗಡೆಯ ಮುಂಚಕ್ರ ಪೆಡಲ್ ಬಿಟ್ಟರೂ ಹಿಡಿದುಕೊಂಡೇ ಇರುತ್ತಿತ್ತು. ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡರ್ ತಿರುಪನ್ನು ಸಡಿಲಿಸಿದೊಡನೆ ಬಿಡುತ್ತಿತ್ತು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಉಳಿಸಿಕೊಂಡಿದ್ದ, ಆ ಚಕ್ರದ ಹಳೆಯ ಬ್ರೇಕ್ ಹೋಸು ಒಳಗಿನಿಂದ ಊದಿಕೊಂಡಿತ್ತು. ಬ್ರೇಕಿಗೆ ಒಟ್ಟು ಎಂಟುನೂರು, ಟೈರುಗಳಿಗೆ ಆರುನೂರಕ್ಕೂ ಮೇಲೆ.

ಇಷ್ಟೆಲ್ಲ ಮಾಡಿದ್ದು ಏತಕ್ಕೆಂದರೆ, ಮೇಲ್ಛಾವಣಿಯಿಲ್ಲದ ಕಾರಿನ ನಿಜವಾದ ರೋಗ ನಿಂತಲ್ಲಿ ಕಾಣುವುದಿಲ್ಲ. ಕನ್ವರ್ಟಿಬಲ್‌ಗೆ ಕಂಪನಿಯವರು ನಾಲ್ಕೂ ಬದಿ ಮುಚ್ಚಿದ ಗಟ್ಟಿ ಫ್ರೇಮು ಕೊಟ್ಟಿದ್ದರೂ, ಫ್ಲೋರು ಮತ್ತು ಬಾಡಿಯನ್ನು ಫ್ರೇಮಿನ ಮೇಲೆ ಕೂರಿಸುವ ಬಾಡಿ ಮೌಂಟುಗಳು ತುಕ್ಕು ಹಿಡಿದರೆ ಬಾಡಿ ಮಧ್ಯದಲ್ಲಿ ಜೋತು, ಬಾಗಿಲ ಸಂದು ಮೇಲ್ಗಡೆ ಕಿರಿದಾಗುತ್ತದೆ. ನಾನು ಮಕ್ಕಳು ಆಡುವ ಕ್ಲೇಯಿಂದ ಸಣ್ಣ ಉಂಡೆಗಳನ್ನು ಮಾಡಿ, ಅಂಟಿಕೊಳ್ಳದಂತೆ ಎಣ್ಣೆ ಸವರಿ, ಎರಡೂ ಬಾಗಿಲುಗಳ ಹಿಂಭಾಗದ ಸಂದಿನಲ್ಲಿ ಮೇಲ್ಗಡೆಗೆ ಇಟ್ಟು, ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಬರುವಾಗ ರೈಲ್ವೆ ಹಳಿಗಳನ್ನು ನಿಧಾನವಾಗಿ ದಾಟಿ ಬಂದೆ. ನಿಂತಾಗ ಎರಡು ಸಂದುಗಳೂ ಐದು ಮಿಲಿಮೀಟರಿನಷ್ಟಿದ್ದವು. ಬಂದು ಅಳೆದರೆ ಎಡಗಡೆಯ ಕ್ಲೇ ನಾಲ್ಕು, ಬಲಗಡೆಯದು ಎರಡಕ್ಕಿಂತ ಕಡಿಮೆ. ಬಲ ಬಾಗಿಲಿನ ಕೆಳಗಿನ ಎರಡು ಮೌಂಟುಗಳ ರಬ್ಬರು ಪುಡಿಯಾಗಿತ್ತು. ಮೇಲಿನ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಒಳಗೇ ಹೋಯಿತು.

ಬಾಡಿ ಎತ್ತುವ ಮೊದಲು, ಅದು ಬಾಗದಂತೆ ಬಾಗಿಲ ತೆರಪಿಗೆ ಅಡ್ಡಪಟ್ಟಿ ವೆಲ್ಡ್ ಮಾಡುವುದು ವಾಡಿಕೆ. ಗೆಳೆಯರ ಮಾತು ಕೇಳಿ ಮೊದಲೇ ವೆಲ್ಡ್ ಮಾಡಿದ್ದರೆ ಜೋತುಬಿದ್ದ ಆಕಾರವನ್ನೇ ಕಾಯಂ ಮಾಡಿದಂತಾಗುತ್ತಿತ್ತು, ಹೊಸ ಫ್ಲೋರೂ ಅದೇ ಸೊಟ್ಟಕ್ಕೆ ಕೂರುತ್ತಿತ್ತು. ಈಗ ಆ ಎರಡು ಮೌಂಟುಗಳ ಜಾಗಕ್ಕೆ ತಗಡು ಕೂಡಿಸಿ, ಹೊಸ ರಬ್ಬರು ಮತ್ತು ಶಿಮ್ (ಎತ್ತರ ಸರಿಹೊಂದಿಸುವ ತೆಳು ತಗಡು) ಹಾಕಿ ಮತ್ತೆ ಕ್ಲೇ ಇಟ್ಟು ಓಡಿಸಿದರೆ, ಎರಡೂ ಕಡೆ ನಾಲ್ಕರ ಹತ್ತಿರ ಬರುತ್ತದೆ. ಅಡ್ಡಪಟ್ಟಿಯನ್ನು ಎಲ್ಲಿಂದ ಎಲ್ಲಿಗೆ ಹಾಕಬೇಕೆಂಬುದೂ ಈ ಓಡಾಟದಿಂದಲೇ ಗೊತ್ತಾಯಿತು. ಅದರ ನಕ್ಷೆಯನ್ನು ಕಾರು ಬಣ್ಣ ಕಂಡ ಮೇಲೆ ಕೊಡುತ್ತೇನೆ.

ಹಳೆಯ ಕಾರುಗಳಿಗೆ ಕೊಡುವ, ಓಡಾಟಕ್ಕೆ ಮಿತಿಯಿರುವ ಮಿಷಿಗನ್ನಿನ ಹಿಸ್ಟಾರಿಕ್ ನಂಬರ್ ಪ್ಲೇಟಿನಲ್ಲಿ ಆಗಸ್ಟ್ ತಿಂಗಳು ಪೂರ್ತಿ ಬೇಕಾದಲ್ಲಿಗೆ ಓಡಿಸಬಹುದಾದ್ದರಿಂದ ಈ ಆಗಸ್ಟ್ ಮುಗಿಯುವವರೆಗೆ ಕಾರನ್ನು ಬಿಚ್ಚುವುದಿಲ್ಲ. ಕ್ರ್ಯಾಂಕಿನ ಹಿಂಬದಿಯ ಹಗ್ಗದ ಸೀಲಿನಿಂದ ರಾತ್ರಿಗೆ ಒಂದು ಚಮಚ ಆಯಿಲ್ ತೊಟ್ಟಿಕ್ಕುತ್ತಿದೆ. ಕೆಳಗೆ ಟ್ರೇ ಇಟ್ಟಿದ್ದೇನೆ. ಚಳಿಗಾಲದಲ್ಲಿ ಎಂಜಿನ್ ಹೊರಬಂದಾಗ ನೋಡಿಕೊಂಡರಾಯಿತು.