ಬಂದರಿಕೆ ಎಲೆ ಕೊನೆಗೂ ಶಿಲೀಂಧ್ರ ತಡೆಯಿತು: ನನ್ನ ಅನುಭವ

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಚಿತ್ರದುರ್ಗದ ಕಲ್ಲುಗುಡ್ಡಗಳ ಬಂದರಿಕೆ ಪೊದೆಯನ್ನು ಆಡುಗಳೂ ಅಷ್ಟಾಗಿ ಮುಟ್ಟುವುದಿಲ್ಲ. ಎಲೆ ಹಿಸುಕಿದರೆ ಬೆರಳಿಗೆಲ್ಲ ಅಂಟು. ಆ ಅಂಟಿನಲ್ಲೇ ಏನೋ ಇದೆ ಎಂದು ನನಗೆ ಮೊದಲಿನಿಂದಲೂ ಅನಿಸಿತ್ತು. ಗೆಳೆಯರು ಯಾರೂ ಒಪ್ಪಲಿಲ್ಲ.

ಶಿಲೀಂಧ್ರ ಸಿಕ್ಕಿದ್ದು ಚಳ್ಳಕೆರೆ ಕಡೆಯ ಶೇಂಗಾ ಹೊಲದಲ್ಲಿ. ಬುಡ ಕೊಳೆತ ಗಿಡ, ಅದರ ಸುತ್ತ ಬಿಳಿ ನೂಲು, ಸಾಸಿವೆ ಕಾಳಿನಂಥ ಗುಂಡುಗಳು. ಸ್ಕ್ಲೆರೋಷಿಯಂ ರಾಲ್ಫ್ಸಿಯೇ, ಅನುಮಾನವೇ ಬೇಡ. ಎಲೆ ತಂದಿದ್ದು ಹೊಲದ ಬದುವಿನಿಂದ. ಜೋಗಿಮಟ್ಟಿ ಅಭಯಾರಣ್ಯ, ಅಲ್ಲಿ ಕೀಳಬಾರದು.

ಮೊದಲು ನೀರಿನ ಕಷಾಯ ಮಾಡಿದೆ. ಏನೂ ಆಗಲಿಲ್ಲ. ಆಮೇಲೆ ಮೆಥನಾಲ್ ಎಂಬ ದ್ರಾವಕದಲ್ಲಿ ಸಾರ ತೆಗೆದು, ಶಿಲೀಂಧ್ರ ಬೆಳೆಸುವ ಜೆಲ್ಲಿಯಾದ ಆಗರ್‌ನಲ್ಲಿ ಗುಂಡಿ ಕೊರೆದು ಹಾಕಿದೆ. ಒಂದು ಸಲ ಗುಂಡಿಯ ಸುತ್ತ ಶಿಲೀಂಧ್ರ ಬೆಳೆಯದ ದೊಡ್ಡ ವಲಯ ಬಂತು, ಖುಷಿಯಾಗಿ ಎಲ್ಲರಿಗೂ ಹೇಳಿಬಿಟ್ಟೆ. ಮರುದಿನ ಬರೀ ಮೆಥನಾಲ್ ಹಾಕಿದ ಗುಂಡಿಯ ಸುತ್ತಲೂ ಅಷ್ಟೇ ವಲಯ! ಮೆಥನಾಲ್ ಪೂರ್ತಿ ಆರಿಸಿ ಮತ್ತೆ ಸುಮಾರು ಇಪ್ಪತ್ತು ಪ್ಲೇಟ್ ಮಾಡಿದೆ, ಒಂದರಲ್ಲೂ ವಲಯವಿಲ್ಲ. ದಾವಣಗೆರೆಯ ಒಂದು ಲ್ಯಾಬ್‌ಗೆ ನಾಲ್ಕು ಸಾವಿರ ಕೊಟ್ಟು ನೋಡಿಸಿದೆ. ಅವರೂ ಗುಂಡಿ ವಿಧಾನದಲ್ಲೇ ನೋಡಿ ‘ಪರಿಣಾಮವಿಲ್ಲ’ ಎಂದು ಬರೆದುಕೊಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಗ ಹೊಳೆಯಿತು. ಆಗರ್ ಬಹುಪಾಲು ನೀರೇ ಅಲ್ವಾ? ಅಂಟು ನೀರಿನಲ್ಲಿ ಹರಡುವುದಿಲ್ಲ. ಗುಂಡಿಯಲ್ಲೇ ಕೂತಿರುತ್ತದೆ, ಶಿಲೀಂಧ್ರದ ಹತ್ತಿರ ಹೋಗುವುದೇ ಇಲ್ಲ. ಹಾಗಾದರೆ ಸಾರವನ್ನು ಪಿಡಿಎಗೇ (ಆಲೂಗಡ್ಡೆ, ಡೆಕ್ಸ್ಟ್ರೋಸ್ ಸೇರಿಸಿದ ಆಗರ್) ಬೆರೆಸಿ, ನಡುವೆ ಶಿಲೀಂಧ್ರದ 5 ಮಿಮೀ ಬಿಲ್ಲೆ ಇಡಬೇಕು.

ಅಲ್ಲೂ ಕಾಟ ತಪ್ಪಲಿಲ್ಲ. ಬೆರೆಸಿದ ಕೂಡಲೇ ಅಂಟು ಹಸಿರು ಗಂಟುಗಳಾಗಿ ತಳ ಹಿಡಿಯಿತು. ಎರಡು ಲೀಟರ್ ಪಿಡಿಎ ಚೆಲ್ಲಿದೆ. ಆಮೇಲೆ ಸಾರವನ್ನು, ನೀರಿನೊಂದಿಗೂ ಬೆರೆಯುವ ದ್ರಾವಕವಾದ ಡಿಎಂಎಸ್‌ಓದಲ್ಲಿ ಕರಗಿಸಿದೆ, ಒಟ್ಟು 1% ಮೀರದಂತೆ. ಪಿಡಿಎ ಕೈ ತಾಳುವಷ್ಟು ಆರಿದ ಮೇಲೆ ಬೆರೆಸಿದೆ. ಗಂಟು ಕಟ್ಟದಿರಲು ಇನ್ನೊಂದು ಉಪಾಯ ಮಾಡಿದ್ದೇನೆ, ಕುಂಡದ ಪ್ರಯೋಗ ಮುಗಿಯುವವರೆಗೆ ಅದು ನನ್ನಲ್ಲೇ ಇರಲಿ.

ನಾಲ್ಕನೇ ದಿನ, ಬರೀ ಡಿಎಂಎಸ್‌ಓ ಇದ್ದ ಪ್ಲೇಟ್ ಅಂಚಿನವರೆಗೆ, 90 ಮಿಮೀ ತುಂಬಿತ್ತು. 0.5% ಸಾರದ್ದು 30ರ ಆಸುಪಾಸು. ಮೂರರಲ್ಲಿ ಎರಡು ಪಾಲು ಬೆಳವಣಿಗೆ ನಿಂತಿತ್ತು! ಮೂರು ಸಲ ಮಾಡಿದೆ, ಮೂರೂ ಸಲ ಹೆಚ್ಚುಕಡಿಮೆ ಅದೇ. ಚಿತ್ರದುರ್ಗದಲ್ಲಿ ಅಡುಗೆಮನೆ ಕುಕ್ಕರನ್ನೇ ಆಟೋಕ್ಲೇವ್ (ಆವಿಯಿಂದ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ) ಮಾಡಿಕೊಂಡು ಇಷ್ಟು ಸಾಧಿಸಿದ್ದಕ್ಕೆ ನನಗೆ ಹೆಮ್ಮೆಯಿದೆ. ಆ ಬಿಲ್ಲೆಗಳನ್ನು ಸಾರವಿಲ್ಲದ ಪಿಡಿಎಗೆ ಹಾಕಿದಾಗ ಮತ್ತೆ ಬೆಳೆದವು. 0.5% ಕೊಲ್ಲುವುದಿಲ್ಲ, ತಡೆಯುತ್ತದೆ ಅಷ್ಟೇ.

ಹೋಲಿಕೆಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇಟ್ಟು ಸುಮ್ನೆ ಒಂದು ವಾರ ಕಳೆದೆ. ಈ ಶಿಲೀಂಧ್ರಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ. ಟೆಬುಕೊನಜೋಲ್ ಇಡಿ.

ನಡುವೆ ಬೆಳ್ಳುಳ್ಳಿಯನ್ನೂ ನೋಡಿದೆ. ರಸವನ್ನು ಪಿಡಿಎ ಜೊತೆ ಕುಕ್ಕರಿಗಿಟ್ಟಾಗ ಏನೂ ಇಲ್ಲ, ಬಿಸಿಗೆ ಶಿಲೀಂಧ್ರ ತಡೆಯುವ ಅದರ ಅಲಿಸಿನ್ ಹೋಗಿಬಿಡುತ್ತದೆ. ಹಸಿ ರಸವನ್ನೇ ಸೋಸಿ, ಆರಿದ ಪಿಡಿಎಗೆ ಹಾಕಿದಾಗ ಬಿಲ್ಲೆ ಕದಲಲೇ ಇಲ್ಲ. ಬಂದರಿಕೆಗಿಂತ ಜೋರು! ಆದರೆ ಶೇಂಗಾ ಹೊಲಕ್ಕೆ ಆಗುವಷ್ಟು ಬೆಳ್ಳುಳ್ಳಿ ಯಾರು ಕೊಳ್ಳುತ್ತಾರೆ? ಬಂದರಿಕೆ ಬದುವಿನಲ್ಲೇ ಸಿಗುತ್ತದೆ.

ಒಟ್ಟು ಹದಿನೆಂಟು ಸಾವಿರ ಖರ್ಚಾಗಿರಬಹುದು. ಜಾಸ್ತಿ ಹೋಗಿದ್ದು ಪಿಡಿಎ ಪುಡಿಗೆ ಮತ್ತು ಮೆಥನಾಲ್‌ಗೆ. ಈಗ ಹಿತ್ತಲಲ್ಲಿ ಹನ್ನೆರಡು ಕುಂಡಗಳಿಗೆ ಶಿಲೀಂಧ್ರ ಬೆರೆಸಿ ಶೇಂಗಾ ಹಾಕಿದ್ದೇನೆ. ಆರಕ್ಕೆ ಸಾರ ಹಾಕಿದೆ, ಆರಕ್ಕೆ ಇಲ್ಲ. ನಿನ್ನೆ ಮೊಳಕೆ ಬಂದಿವೆ.