ನಾಲ್ಕು ನಾಯಿ, ನಾಲ್ಕು ದಿನ, ಒಂದು ಬ್ರೇಕು

ನಾಯಿಗಳು ಎಳೆಯುವ ಹಿಮಬಂಡಿ, ಅಂದರೆ ಸ್ಲೆಡ್, ಹೊರಡುವ ಮೊದಲಿನ ಗಲಾಟೆ ಇಷ್ಟಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಉತ್ತರ ಸ್ವೀಡನ್ನಿನ ನಿಕ್ಕಲುಒಕ್ತಾದಲ್ಲಿ ಡಾಂಬರು ರಸ್ತೆ ಮುಗಿಯುತ್ತದೆ. ಅಲ್ಲಿ ಇಪ್ಪತ್ತೆಂಟು ನಾಯಿಗಳು ಒಟ್ಟಿಗೆ ಕಿರುಚುತ್ತಿದ್ದವು. ಗೈಡ್‌ಗೆ ಎಂಟು, ನಾವು ಐದು ಜನಕ್ಕೆ ತಲಾ ನಾಲ್ಕು. ಹಗ್ಗ ಜಗ್ಗುತ್ತವೆ, ನಿಂತಲ್ಲೇ ಎಗರುತ್ತವೆ, ಪಕ್ಕದ ನಾಯಿಯ ಕಿವಿ ಕಚ್ಚುತ್ತವೆ. ಗೈಡ್ ಕೈ ಎತ್ತಿದರು. ಹಿಮದಲ್ಲಿ ನೆಟ್ಟಿದ್ದ ಕಬ್ಬಿಣದ ಕೊಕ್ಕೆ ಕಿತ್ತೆ. ಗಕ್ಕನೆ ಎಳೆದ ರಭಸಕ್ಕೆ ಕುತ್ತಿಗೆ ಹಿಂದಕ್ಕೆ ಹೋಯಿತು, ಮರುಕ್ಷಣ ಎಲ್ಲ ಸದ್ದೂ ನಿಂತಿತು. ಉಸಿರು ಮತ್ತು ಹಿಮ ಸವರುವ ಸದ್ದು, ಅಷ್ಟೇ.

ಊರು ತಿಪಟೂರಿನ ಹತ್ತಿರ. ಸ್ಟಾಕ್‌ಹೋಮ್‌ಗೆ ಕೆಲಸಕ್ಕೆ ಬಂದು ಆರು ವರ್ಷ. ಮಾರ್ಚ್ ಕೊನೆಯಲ್ಲಿ ರಾತ್ರಿ ರೈಲು ಹತ್ತಿ ಕಿರುನಾಕ್ಕೆ ಹೋದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಮೇಲೆ ಬರುವುದೇ ಇಲ್ಲ. ಮಾರ್ಚ್ ಕೊನೆಗೆ ಹನ್ನೆರಡು ಗಂಟೆಗಿಂತ ಜಾಸ್ತಿ ಬೆಳಕು, ಹಿಮವೂ ಗಟ್ಟಿ. ದಾರಿ: ನಿಕ್ಕಲುಒಕ್ತಾದಿಂದ ಕೆಬ್ನೆಕೈಸೆ ಬೆಟ್ಟದ ಪಕ್ಕದಲ್ಲಿ ಸಿಂಗಿ, ಅಲ್ಲಿಂದ ಕುಂಗ್ಸ್‌ಲೇಡೆನ್ ಅನ್ನುವ ಚಾರಣದ ಜಾಡು ಹಿಡಿದು ಉತ್ತರಕ್ಕೆ ಅಲೆಸ್‌ಯೌರೆ, ಕೊನೆಗೆ ಅಬಿಸ್ಕೊ. ಒಟ್ಟು ನೂರು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ.

ನನ್ನ ನಾಯಿಗಳೆಲ್ಲ ಒಂದೇ ಸೂಲಿನವು. ಆ ಸೂಲಿಗೆ ಮಸಾಲೆ ಹೆಸರಿಟ್ಟಿದ್ದರು. ಕನೇಲ್, ನೈಲಿಕಾ, ಪೆಪ್ಪಾರ್, ಸಫ್ರಾನ್. ಅಂದರೆ ಚಕ್ಕೆ, ಲವಂಗ, ಮೆಣಸು, ಕೇಸರಿ. ಪಲಾವ್‌ಗೆ ಬೇಕಾದ್ದೆಲ್ಲ ಇತ್ತು! ಇವು ಅಲಾಸ್ಕನ್ ಹಸ್ಕಿಗಳು. ಫೋಟೊದಲ್ಲಿ ಕಾಣುವ ನೀಲಿ ಕಣ್ಣಿನ ದಪ್ಪ ತುಪ್ಪಳದ ನಾಯಿಗಳಲ್ಲ. ಓಟಕ್ಕೆ ಅಂತಲೇ ಬೆರಕೆ ಮಾಡಿ ಬೆಳೆಸಿದ ಸಣಕಲು ನಾಯಿಗಳು, ಇಪ್ಪತ್ತು ಇಪ್ಪತ್ತೈದು ಕಿಲೊ ತೂಕ. ನಮ್ಮ ಬೀದಿ ನಾಯಿಯ ದೂರದ ನೆಂಟರು ಅನ್ನಿಸಿತು.

ಚಿಕ್ಕಂದಿನಲ್ಲಿ ತಾತನ ಎತ್ತಿನ ಗಾಡಿ ಹೊಡೆದವನು ನಾನು. ಎತ್ತಿಗೆ ಮೂಗುದಾರ ಇದೆ, ಕೈಯಲ್ಲಿ ಹಗ್ಗ ಇದೆ. ಇಲ್ಲಿ ಏನೂ ಇಲ್ಲ. ಮುಂದಿನ ಜೋಡಿ ಗೈಡ್‌ನ ಸ್ಲೆಡ್ ಹಿಂದೆ ತಾನಾಗಿ ಓಡುತ್ತದೆ. ನನ್ನ ಕೈಗಿರುವುದು ಹಿಡಿಕೆ, ಕಾಲಿಗಿರುವುದು ಬ್ರೇಕು. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟೇ ಇರಬೇಕು. ಹಗ್ಗ ಸಡಿಲವಾಯಿತೋ, ಸ್ಲೆಡ್ ಹೋಗಿ ಹಿಂದಿನ ಜೋಡಿಯ ಕಾಲಿಗೆ ಬಡಿಯುತ್ತದೆ. ನಾಲ್ಕು ದಿನ ನಾನು ನೋಡಿದ್ದು ಬೆಟ್ಟಕ್ಕಿಂತ ಜಾಸ್ತಿ ಆ ಹಗ್ಗವನ್ನೇ.

ಮೊದಲ ದಿನವೇ ಬಿದ್ದೆ. ಬರ್ಚ್ ಮರಗಳ ನಡುವೆ ದಾರಿ ಎಡಕ್ಕೆ ತಿರುಗಿತು, ನಾನು ಬಲಕ್ಕೆ ವಾಲಿದ್ದೆ. ಮೂರು ಸೆಕೆಂಡ್ ಹೊಟ್ಟೆ ಮೇಲೆ ಎಳೆಸಿಕೊಂಡು ಹೋಗಿ ಕೈ ಬಿಟ್ಟುಬಿಟ್ಟೆ. ಮಸಾಲೆ ತಂಡ ತಿರುಗಿಯೂ ನೋಡದೆ ಓಡಿಹೋಯಿತು. ಪುಣ್ಯಕ್ಕೆ ಗೈಡ್ ಮುಂದೆ ನಿಲ್ಲಿಸಿ ಹಿಡಿದುಕೊಂಡಿದ್ದರು. ಏದುಸಿರು ಬಿಡುತ್ತಾ ಹತ್ತಿರ ಹೋದಾಗ ಹೇಳಿದ್ದು ಒಂದೇ ಮಾತು: "ಮೂಗು ಹೋದರೂ ಪರವಾಗಿಲ್ಲ, ಹಿಡಿಕೆ ಬಿಡಬೇಡ." ಬ್ರೇಕ್ ಹಾಕುವವರಿಲ್ಲದ ಸ್ಲೆಡ್‌ನಲ್ಲಿ ಹಗ್ಗ ನಾಯಿಯ ಕಾಲಿಗೆ ಸುತ್ತಿಕೊಂಡರೆ ಕಥೆ ಮುಗಿದಂತೆ. ಆಮೇಲೆ ಇನ್ನೆರಡು ಸಲ ಬಿದ್ದೆ, ಬಿಡಲಿಲ್ಲ.

ಆ ಸಂಜೆ ಸಿಂಗಿಯ ಗುಡಿಸಲಿಗೆ ಸೇರಿದಾಗ ಮೈನಸ್ ಇಪ್ಪತ್ತೆರಡು. ಒಳಗೆ ಹೋಗಿ ಒಲೆ ಮುಂದೆ ಕೂತರೆ ಸಾಕು ಅಂತಿದ್ದೆ. ಆಗಲೇ ನಿಜವಾದ ಕೆಲಸ ಶುರು. ನಾಯಿಗಳನ್ನು ಉದ್ದದ ಸರಪಳಿಗೆ ಕಟ್ಟಬೇಕು, ಮೈಗೆ ಕಟ್ಟಿದ ಹಾರ್ನೆಸ್ ಪಟ್ಟಿ ಬಿಚ್ಚಬೇಕು, ನೀರು ಹೊತ್ತು ತರಬೇಕು. ಕಲ್ಲಿನಂತಿದ್ದ ಮಾಂಸದ ದಿಂಡನ್ನು ಕೊಡಲಿಯಿಂದ ಕಡಿದು, ಬಿಸಿನೀರಲ್ಲಿ ನೆನೆಸಿ, ಗಂಜಿಯ ಹಾಗೆ ಮಾಡಿ ಹಾಕಬೇಕು. ಬರೀ ನೀರು ಕೊಟ್ಟರೆ ಎಷ್ಟೋ ನಾಯಿ ಮೂಸಿಯೂ ನೋಡಲ್ಲ, ಮಾಂಸದ ವಾಸನೆ ಇರಬೇಕು. ಎಲ್ಲರೂ ಕೇಳುವ ಪ್ರಶ್ನೆ, ನಾರ್ದರ್ನ್ ಲೈಟ್ಸ್ ನೋಡಿದ್ರಾ ಅಂತ. ನೋಡಿದೆ, ಸಲಿಕೆಯಲ್ಲಿ ನಾಯಿ ಕಕ್ಕ ಎತ್ತುತ್ತಾ.

ಗುಡಿಸಲಲ್ಲಿ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಸೌದೆ ಒಲೆ ಇದೆ. ಮನೆಯಿಂದ ಅವಲಕ್ಕಿ, ಪುಳಿಯೋಗರೆ ಗೊಜ್ಜು ಒಯ್ದಿದ್ದೆ. ಬಿಸಿನೀರು ಚಿಮುಕಿಸಿದರೆ ಊಟ ರೆಡಿ. ಜೊತೆಗಿದ್ದ ಜರ್ಮನ್ ದಂಪತಿ ಎರಡನೇ ದಿನದಿಂದ ತಮ್ಮ ಪ್ಯಾಕೆಟ್ ಊಟ ಬಿಟ್ಟು ನನ್ನ ಡಬ್ಬಿ ಕಡೆ ನೋಡತೊಡಗಿದರು.

ಬೆಳಿಗ್ಗೆ ನಾಯಿಗಳಿಗೆ ಕಾಲುಚೀಲ ಹಾಕುವುದು ಒಂದು ವಿದ್ಯೆ. ಒರಟು ಹಿಮ ಪಾದ ಕೊರೆಯದಿರಲಿ ಅಂತ. ನಾಯಿಯನ್ನು ನಿಮ್ಮ ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಪಾದವನ್ನು ಹಿಂದಕ್ಕೆ ಮಡಚಿ, ಬೆರಳ ಸಂದಿನ ಮಂಜಿನ ಉಂಡೆ ತೆಗೆದು, ಚೀಲ ತೊಡಿಸಿ ಪಟ್ಟಿ ಅಂಟಿಸಬೇಕು. ಬಿಗಿಯಾದರೆ ರಕ್ತ ಓಡಲ್ಲ, ಸಡಿಲವಾದರೆ ಕಳಚುತ್ತದೆ. ಗ್ಲೌಸ್ ಹಾಕಿಕೊಂಡು ಆಗಲ್ಲ. ನಾಲ್ಕು ನಾಯಿ, ಹದಿನಾರು ಪಾದ. ಆರನೇ ಪಾದಕ್ಕೆ ನನ್ನ ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಕನೇಲ್‌ನ ಹೊಟ್ಟೆಯಡಿ ಕೈಯಿಟ್ಟು ಬಿಸಿ ಮಾಡಿಕೊಂಡೆ. ಅದು ಸುಮ್ನೆ ನಿಂತಿತ್ತು, ಅಭ್ಯಾಸ ಇತ್ತೇನೋ.

ಎರಡನೇ ದಿನ ಶೆಕ್ತ್ಯಾ ಕಣಿವೆದಾರಿ. ಕುಂಗ್ಸ್‌ಲೇಡೆನ್‌ನಲ್ಲೇ ಎತ್ತರದ ಜಾಗ, ಸುಮಾರು 1,150 ಮೀಟರ್. ದಕ್ಷಿಣದಿಂದ ಹತ್ತುವವರಿಗೆ ಕಡಿದಾದ ಏರು. ಒಂದು ಕಾಲು ಸ್ಲೆಡ್ ಮೇಲೆ, ಇನ್ನೊಂದರಲ್ಲಿ ಒದೆಯುತ್ತಾ ಹೋಗಬೇಕು, ಆಮೇಲೆ ಇಳಿದು ತಳ್ಳಬೇಕು. ಬೆವರಿದೆ, ನಿಂತೆ. ಸಫ್ರಾನ್ ತಿರುಗಿ ನೋಡಿತು. ನಮ್ಮ ಹೈಸ್ಕೂಲ್ ಪಿ.ಟಿ. ಮೇಷ್ಟ್ರ ನೋಟ ಅದು! ಮತ್ತೆ ತಳ್ಳಿದೆ.

ಕೆಳಗಿನ ಬಯಲಲ್ಲಿ ಹಿಮಸಾರಂಗಗಳ ಹಿಂಡು ಸಿಕ್ಕಿತು, ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಸಾಕಿದವು. ನಾಯಿಗಳಿಗೆ ಹುಚ್ಚು ಹಿಡಿದಂತಾಯಿತು. ಗೈಡ್ ಎಲ್ಲರಿಗೂ ಕೊಕ್ಕೆ ನೆಡಲು ಹೇಳಿ, ಹಿಂಡು ದಾಟುವ ತನಕ ಕಾಯಿಸಿದರು. ಚಳಿಗಾಲದ ಕೊನೆಗೆ ಸಾರಂಗಗಳು ಸೊರಗಿರುತ್ತವೆ, ಬೆದರಿಸಿ ಓಡಿಸಿದರೆ ಇರುವ ಶಕ್ತಿಯೂ ಹೋಗುತ್ತದೆ.

ಮೂರನೇ ದಿನ ಅಲೆಸ್‌ಯೌರೆಯಲ್ಲಿ ಗಾಳಿ. ದಾರಿ ತೋರಿಸುವ ಕಂಬಗಳ ಕೆಂಪು ಕತ್ತರಿ ಗುರುತು ಒಂದು ಕಂಡರೆ ಮುಂದಿನದು ಕಾಣುತ್ತಿರಲಿಲ್ಲ. ಹೊರಡುವುದು ಬೇಡ ಅಂದರು ಗೈಡ್. ನನಗೆ ಒಳಗೊಳಗೇ ಖುಷಿ. ನಾಯಿಗಳು ಬಾಲದಲ್ಲಿ ಮೂಗು ಮುಚ್ಚಿಕೊಂಡು ಹಿಮದಡಿ ಮಲಗಿದ್ದವು. ಮೇಲೆ ಸಣ್ಣ ಉಸಿರಿನ ತೂತು ಮಾತ್ರ. ಊಟಕ್ಕೆ ಕರೆದರೆ ನೆಲದಿಂದ ಒಂದೊಂದೇ ತಲೆ ಎದ್ದವು. ಸಂಜೆ ಸೌನಾದಲ್ಲಿ, ಅಂದರೆ ಸೌದೆ ಉರಿಯ ಬಿಸಿಹಬೆಯ ಕೋಣೆಯಲ್ಲಿ, ಕೂತಾಗಲೇ ನನ್ನ ಸೊಂಟ ನನ್ನದು ಅನ್ನಿಸಿದ್ದು.

ನಾಲ್ಕನೇ ದಿನ ಆಕಾಶ ತೊಳೆದಿಟ್ಟಂತಿತ್ತು. ಸರೋವರದ ಮೇಲೆ ಗಂಟೆಗಟ್ಟಲೆ ಓಟ, ಮಧ್ಯಾಹ್ನಕ್ಕೆ ಅಬಿಸ್ಕೊ. ಟ್ರೇಲರ್‌ನಲ್ಲಿ ಪ್ರತಿ ನಾಯಿಗೂ ಹುಲ್ಲು ಹಾಸಿದ ಗೂಡು. ನಾಲ್ಕನ್ನೂ ಎತ್ತಿ ಅವುಗಳ ಗೂಡಿಗೆ ಬಿಟ್ಟೆ. ಪೆಪ್ಪಾರ್ ಕಿಂಡಿಯಿಂದ ತಲೆ ಹೊರಹಾಕಿ ನನ್ನ ಕಡೆ ನೋಡಿತು. ಗಂಟಲು ಕಟ್ಟಿದಂತಾಗಿ ಹತ್ತಿರ ಹೋದೆ. ಅದು ನೋಡುತ್ತಿದ್ದದ್ದು ನನ್ನ ಹಿಂದೆ, ಗೈಡ್ ಕೈಯಲ್ಲಿದ್ದ ಮಾಂಸದ ಬಕೆಟ್ಟನ್ನು.