ಬಿಸಿಲೂರು ಬಳ್ಳಾರಿಯಲ್ಲಿ ಒಂದು ದಿನ: ಗುಡ್ಡ ಹತ್ತುವುದು ಯಾವಾಗ, ಊಟ ಎಲ್ಲಿ?

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಊರಿನವರೇ ಹೇಳಿಕೊಂಡು ನಗುವ ಮಾತಿದು. ಹಾಗೆ ನೋಡಿದರೆ ಬಳ್ಳಾರಿ ಮರುಭೂಮಿಯೇನೂ ಅಲ್ಲ. ಅಷ್ಟಿಷ್ಟು ಮಳೆ ಬರುತ್ತದೆ, ಕಾಲುವೆ ಹರಿಯುತ್ತದೆ, ಸಿರುಗುಪ್ಪದ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಆದರೆ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟಿದ ಮೇಲೆ, ಕೋಟೆ ಗುಡ್ಡದ ಬಂಡೆಗೆ ಕೈ ತಾಗಿಸಿದವರ ಹತ್ತಿರ ಈ ಮಾತು ಹೇಳಿ ನೋಡಿ. ಯಾರೂ ಒಪ್ಪುವುದಿಲ್ಲ.

ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದ ಈ ಊರನ್ನು ಬಹಳ ಜನ ಹಂಪಿಗೆ ಹೋಗುವಾಗ ಕಿಟಕಿಯಿಂದ ನೋಡಿ ಬಿಟ್ಟುಬಿಡುತ್ತಾರೆ. ಬಂಡೆ, ಧೂಳು, ಬಿಸಿಲು, ಇಷ್ಟೇ ಅಲ್ವಾ ಅನ್ನುತ್ತಾರೆ. ಇಷ್ಟೇ ಅಲ್ಲ. ಆದರೆ ಇಲ್ಲಿ ಒಂದು ದಿನ ಕಳೆಯಬೇಕಾದರೆ ನೋಡುವುದನ್ನೂ ತಿನ್ನುವುದನ್ನೂ ಬಿಸಿಲು ನೋಡಿಕೊಂಡೇ ಜೋಡಿಸಬೇಕು. ಹತ್ತು ಗಂಟೆಗೆ ಎದ್ದು, ತಿಂಡಿ ತಿಂದು, ಹನ್ನೆರಡಕ್ಕೆ ಕೋಟೆಗೆ ಹೊರಟರೆ ಊರಿಗೆ ಬೈಯುತ್ತಲೇ ವಾಪಸ್ ಬರುತ್ತೀರಿ. ತಪ್ಪು ಊರಿನದಲ್ಲ.

1. ಬರುವುದು ನಸುಕಿಗೆ

ನವೆಂಬರ್‌ನಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಮಾರ್ಚ್ ಹೊತ್ತಿಗೆ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆ ಇರುತ್ತದೆ. ಜನಜಾತ್ರೆ ಇಷ್ಟವಿದ್ದರೆ ಆಗ ಬನ್ನಿ, ಆದರೆ ಲಾಡ್ಜ್ ಮೊದಲೇ ಗೊತ್ತು ಮಾಡಿಕೊಳ್ಳಿ. ಬೆಂಗಳೂರು, ಮೈಸೂರು ಕಡೆಯವರಿಗೆ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ಗುಂತಕಲ್ ದಾಟಿ ನಸುಕಿನ ಹೊತ್ತಿಗೆ ಬಳ್ಳಾರಿಗೆ ತಂದು ಬಿಡುತ್ತದೆ. ಬ್ಯಾಗು ಲಾಡ್ಜಿನಲ್ಲಿ ಎಸೆದು, ಮುಖ ತೊಳೆದು, ಒಂದು ಚಹಾ ಕುಡಿದು ಹೊರಡಿ. ತಿಂಡಿ ಆಮೇಲೆ.

ಜೊತೆಗೆ ಎರಡು ಲೀಟರ್ ನೀರು, ಒಂದು ಟವೆಲ್, ಹಿಡಿತವಿರುವ ಚಪ್ಪಲಿ ಅಥವಾ ಶೂ ಇರಲಿ. ಟವೆಲ್ ಯಾಕೆ ಅಂದರೆ ಟೋಪಿ ಗಾಳಿಗೆ ಹಾರಿಹೋಗುತ್ತದೆ. ಟವೆಲ್ ನೆನೆಸಿ ತಲೆಗೆ ಸುತ್ತಿಕೊಳ್ಳಬಹುದು.

2. ಮೊದಲು ಗುಡ್ಡ

ಊರಿನ ನಡುವೆ, ಸಪಾಟು ನೆಲದಿಂದ ಒಮ್ಮೆಲೇ ಎದ್ದು ನಿಂತಿರುವ ಗ್ರಾನೈಟ್ ಗುಡ್ಡ ಇದು. ಎತ್ತರ ಸುಮಾರು 450 ಅಡಿ. ಮರ ಕಡಿಮೆ, ನೆರಳು ಇನ್ನೂ ಕಡಿಮೆ. ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಲಾಡ್ಜಿನವರನ್ನು ಕೇಳಿಟ್ಟುಕೊಂಡು, ತೆಗೆದ ಕೂಡಲೇ ಒಳಗೆ ಹೋಗಿ. ಬಂಡೆ ರಾತ್ರಿಯ ತಂಪನ್ನು ಇನ್ನೂ ಹಿಡಿದುಕೊಂಡಿರುವಾಗಲೇ ಹತ್ತಿ ಇಳಿದುಬಿಡಬೇಕು.

ಕೋಟೆ ಎರಡು ಭಾಗ. ಮೇಲಿನ ಕೋಟೆಯನ್ನು ಕಟ್ಟಿಸಿದವನು ವಿಜಯನಗರಕ್ಕೆ ಕಪ್ಪ ಕೊಡುತ್ತಿದ್ದ ಹನುಮಪ್ಪ ನಾಯಕ. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು. 1769ರಲ್ಲಿ ಬಳ್ಳಾರಿ ಅವನ ಕೈಗೆ ಬಂದ ಮೇಲೆ ಒಬ್ಬ ಫ್ರೆಂಚ್ ಎಂಜಿನಿಯರನ ಕೈಯಲ್ಲಿ ಮೇಲಿನದನ್ನು ರಿಪೇರಿ ಮಾಡಿಸಿ, ಕೆಳಗಿನದನ್ನು ಹೊಸದಾಗಿ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಇದೆ, ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಉಳಿಯುವುದಿಲ್ಲ ಎಂದು ಹೈದರನಿಗೆ ಹೊಳೆಯಿತಂತೆ. ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದ, ಅವನ ಸಮಾಧಿ ಪೂರ್ವದ ಬಾಗಿಲ ಹತ್ತಿರವೇ ಇದೆ ಎಂದು ಹೇಳುತ್ತಾರೆ. ಕಥೆಯನ್ನು ನಂಬುವುದು, ಬಿಡುವುದು ನಿಮ್ಮಿಷ್ಟ. ಮೇಲೆ ಹೋದಾಗ ಕುಂಬಾರ ಗುಡ್ಡದ ಕಡೆ ತಿರುಗಿ ನೋಡಿ, ಹೈದರನ ಸಿಟ್ಟಿಗೆ ಕಾರಣ ಏನೆಂದು ಕಣ್ಣಿಗೇ ಕಾಣುತ್ತದೆ. ಅದೇ ಗುಡ್ಡವನ್ನು ಆಗ್ನೇಯ ದಿಕ್ಕಿನಿಂದ ನೋಡಿದರೆ ಮಲಗಿದ ಮನುಷ್ಯನ ಮುಖದ ಹಾಗಿರುತ್ತದೆ. ಮಕ್ಕಳು ಜೊತೆಗಿದ್ದರೆ ಮೂಗು ಎಲ್ಲಿ, ಗದ್ದ ಎಲ್ಲಿ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಮೇಲೆ ಅರಮನೆ, ದರ್ಬಾರು ಅಂತೆಲ್ಲ ಹುಡುಕಬೇಡಿ, ಇಲ್ಲ. ನೋಡಬೇಕಾದದ್ದು ನೀರಿನ ತೊಟ್ಟಿಗಳನ್ನು. ಇಂಥ ಬಂಡೆಯ ಮೇಲೆ ಬಾವಿ ತೋಡಲು ಆಗುವುದಿಲ್ಲ. ಅದಕ್ಕೇ ಕಲ್ಲಿನ ಸೀಳುಗಳಲ್ಲಿ ಮಳೆ ನೀರು ನಿಲ್ಲುವಂತೆ ಮಾಡಿದ್ದಾರೆ. ಮೇಲಿನ ಕೋಟೆಗೆ ಇರುವ ದಾರಿಯೂ ಒಂದೇ. ಶತ್ರು ಬಂದು ಸುತ್ತುಗಟ್ಟಿದರೆ ಒಳಗಿದ್ದವರಿಗೆ ಈ ತೊಟ್ಟಿಗಳೇ ಗತಿ. ಬಿಸಿಲಿನ ಸೀಮೆಯಲ್ಲಿ ಗೋಡೆಗಿಂತ ನೀರೇ ಮುಖ್ಯ ಎಂಬುದು ನಾಯಕನಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಇಳಿದು ಬರುವಾಗ ಕೋಟೆ ಮಲ್ಲೇಶ್ವರನ ಗುಡಿ, ಕೋಟೆ ಆಂಜನೇಯನ ಗುಡಿ ನೋಡಿಕೊಳ್ಳಿ. ಒಂಬತ್ತರ ಒಳಗೆ ಕೆಳಗಿರಬೇಕು. ಅಷ್ಟೊತ್ತಿಗೆ ಹೊಟ್ಟೆಯೂ ತಾಳ ಹಾಕುತ್ತಿರುತ್ತದೆ.

3. ಒಗ್ಗರಣೆ–ಮಿರ್ಚಿ

ಬಳ್ಳಾರಿಗೆ ಬಂದು ಇಡ್ಲಿ-ವಡೆ ತಿಂದು ಹೋಗುವವರನ್ನು ಕಂಡರೆ ಪಾಪ ಅನ್ನಿಸುತ್ತದೆ. ಇಲ್ಲಿನ ಬೆಳಗಿನ ತಿಂಡಿ ಒಗ್ಗರಣೆ-ಮಿರ್ಚಿ. ಆಂಧ್ರದ ಗಡಿ ಕಡೆ ಇದನ್ನೇ ಉಗ್ಗಾಣಿ ಅನ್ನುತ್ತಾರೆ. ರಾಯಚೂರು, ಕೊಪ್ಪಳದಲ್ಲೂ ಸಿಗುತ್ತದೆ. ಯಾರದ್ದು ಚೆಂದ ಎಂಬ ಜಗಳ ಮೂರೂ ಕಡೆ ಇದೆ, ನಾವು ಅದಕ್ಕೆ ಕೈ ಹಾಕುವುದು ಬೇಡ.

ಮಾಡುವುದು ಹೀಗೆ. ಮಂಡಕ್ಕಿಯನ್ನು ನೀರಿಗೆ ಹಾಕಿ ಆ ಕ್ಷಣವೇ ಹಿಂಡಿ ತೆಗೆಯುತ್ತಾರೆ. ಇದರಲ್ಲೇ ಕೈಗುಣ ಇರುವುದು. ಸ್ವಲ್ಪ ಜಾಸ್ತಿ ನೆನೆದರೆ ಮುದ್ದೆ, ಕಡಿಮೆಯಾದರೆ ಬಾಯಿಗೆ ಒಣ ಒಣ. ಆಮೇಲೆ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ. ಕೊನೆಗೆ ಪುಟಾಣಿ, ಅಂದರೆ ಹುರಿಗಡಲೆ, ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡುತ್ತಾರೆ. ಪುಟಾಣಿ ಪುಡಿ ಹಾಕದ ಒಗ್ಗರಣೆಗೆ ಮೈಯೇ ಇರುವುದಿಲ್ಲ. ಅದನ್ನು ಉಳಿಸುವ ಅಂಗಡಿಗೆ ಎರಡನೇ ಸಲ ಹೋಗಬೇಡಿ.

ಪಕ್ಕದಲ್ಲಿ ಮಿರ್ಚಿ. ಉದ್ದನೆಯ ದಪ್ಪ ಮೆಣಸಿನಕಾಯಿಯನ್ನು ಸೀಳಿ, ಅಜವಾನ ಹಾಕಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಬಳ್ಳಾರಿ ಸೀಮೆಯೇ ಮೆಣಸಿನಕಾಯಿ ಬೆಳೆಯುವ ಸೀಮೆ. ಕುರುಗೋಡು, ಸಿರುಗುಪ್ಪ ಕಡೆಯ ರೈತರು ಒಣ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆ ತನಕ ಹೋಗುತ್ತಾರೆ. ಹಾಗಂತ ಹೆದರಬೇಡಿ. ಮಿರ್ಚಿಗೆ ಬಳಸುವ ಕಾಯಿಗೆ ಖಾರ ಅಷ್ಟಿರುವುದಿಲ್ಲ. ಆದರೂ ಸಾವಿರದಲ್ಲಿ ಒಂದು ಕಾಯಿ ನಿಮ್ಮ ತಟ್ಟೆಗೇ ಬಂದುಬಿಟ್ಟರೆ ನೀರು ಕುಡಿಯಬೇಡಿ, ಒಂದು ಮುಷ್ಟಿ ಒಗ್ಗರಣೆ ಬಾಯಿಗೆ ಹಾಕಿಕೊಳ್ಳಿ. ಮಿರ್ಚಿಯನ್ನು ಬೇರೆ ಕಚ್ಚಿ, ಒಗ್ಗರಣೆಯನ್ನು ಬೇರೆ ತಿನ್ನುವವರೂ ಇದ್ದಾರೆ. ನನ್ನ ಪ್ರಕಾರ ಮಿರ್ಚಿ ಮುರಿದು ಒಗ್ಗರಣೆಯ ಜೊತೆ ಸೇರಿಸಿಕೊಂಡು ತಿನ್ನಬೇಕು.

ಎಲ್ಲಿ ತಿನ್ನಬೇಕು? ಹೆಸರು ಹಿಡಿದು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೇರು ಬೀದಿ, ಬ್ರೂಸ್‌ಪೇಟೆ, ಬೆಂಗಳೂರು ರಸ್ತೆ, ಈ ಹಳೇ ಪೇಟೆಯಲ್ಲಿ ಒಂದು ಸುತ್ತು ಹಾಕಿ. ಎರಡು ಗುರುತು ನೋಡಿ. ಒಂದು, ಬಾಣಲೆ ರಸ್ತೆಗೆ ಕಾಣುವ ಹಾಗೆ ಮುಂದೆಯೇ ಇರಬೇಕು, ಮಿರ್ಚಿ ಬಿಸಿಯಾಗಿ ಇಳಿಯುತ್ತಿರಬೇಕು. ಎರಡು, ನಿಂತು ತಿನ್ನುವವರಲ್ಲಿ ಹಮಾಲರೂ ಅಂಗಡಿ ಸಾಹುಕಾರರೂ ಇಬ್ಬರೂ ಇರಬೇಕು. "ಅಣ್ಣಾ, ಒಂದು ಒಗ್ಗರಣಿ, ಎರಡು ಮಿರ್ಚಿ" ಅಂದರೆ ಮುಗಿಯಿತು. ಖಾರ ಹಚ್ಚಿದ ಕೆಂಪು ದೋಸೆಯೂ ಕಣ್ಣಿಗೆ ಬಿದ್ದರೆ ಜಾಗ ಉಳಿಸಿಕೊಳ್ಳಿ.

4. ಹನ್ನೊಂದರ ತನಕ ಪೇಟೆ

ದುರ್ಗಮ್ಮನ ಗುಡಿಗೆ ಹೋಗಿ ಬನ್ನಿ. ಮಂಗಳವಾರ, ಶುಕ್ರವಾರ ಗದ್ದಲ ಜಾಸ್ತಿ. ಆಮೇಲೆ ಪೇಟೆಯಲ್ಲಿ ಜೀನ್ಸ್ ನೋಡಿ. ಬಳ್ಳಾರಿಯ ಜೀನ್ಸ್ ದೇಶದ ಬೇರೆ ಬೇರೆ ಕಡೆ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ದಂಡಿನ ಸಿಪಾಯಿಗಳಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಎಂದು ಹಳಬರು ಹೇಳುತ್ತಾರೆ. ಕೊಳ್ಳುವಾಗ ಜಿಪ್ ಎರಡು ಸಲ ಎಳೆದು ನೋಡಿ, ಹೊಲಿಗೆಯ ಒಳಭಾಗ ತಿರುವಿ ನೋಡಿ. ಚೌಕಾಸಿ ಮಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಟೋದವರು, ಅಂಗಡಿಯವರು ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ಉರ್ದು ಮಾತಾಡುವುದು ಕೇಳಿಸುತ್ತದೆ. ಬಳ್ಳಾರಿ ಮದ್ರಾಸ್ ಕಡೆ ಇತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಗಡಿ ಗೆರೆ ಬಿತ್ತು, ಅಡುಗೆಮನೆಗಳು ಮಾತ್ರ ಹಾಗೇ ಉಳಿದವು. ಮಧ್ಯಾಹ್ನದ ತಟ್ಟೆ ನೋಡಿದರೆ ಗೊತ್ತಾಗುತ್ತದೆ.

5. ಮಧ್ಯಾಹ್ನ: ಖಾನಾವಳಿಯೊಳಗೆ ಕೂತುಬಿಡಿ

ಹನ್ನೆರಡೂವರೆಯಿಂದ ನಾಲ್ಕರ ತನಕ ಬೀದಿಯಲ್ಲಿ ಕೆಲಸವಿಲ್ಲ. ಮೊದಲು ಖಾನಾವಳಿ ಹುಡುಕಿ. ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳುತ್ತಿದ್ದರೆ ಅದೇ ಸರಿಯಾದ ಜಾಗ. ಬಿಸಿ ರೊಟ್ಟಿನಾ, ಖಡಕ್ ರೊಟ್ಟಿನಾ ಎಂದು ಕೇಳುತ್ತಾರೆ. ಬಿಸಿಯದ್ದೇ ಹೇಳಿ, ಖಡಕ್ಕನ್ನು ಊರಿಗೆ ಒಯ್ಯಲು ಇಟ್ಟುಕೊಳ್ಳಿ. ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಮೊಳಕೆ ಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಈರುಳ್ಳಿ. ಪುಂಡಿಯ ಹುಳಿ ಬಿಸಿಲಿನಲ್ಲಿ ಸತ್ತುಹೋದ ಬಾಯಿರುಚಿಯನ್ನು ಎಬ್ಬಿಸುತ್ತದೆ. ಅದೇ ಸೊಪ್ಪು ಪಕ್ಕದ ಆಂಧ್ರ ಮೀಲ್ಸ್ ಹೋಟೆಲಿನಲ್ಲಿ ಗೋಂಗೂರ ಆಗಿ, ಪಪ್ಪು, ತುಪ್ಪ, ಅನ್ನದ ಜೊತೆ ಬರುತ್ತದೆ.

ರೊಟ್ಟಿ, ಅನ್ನ ಎರಡೂ ಇಲ್ಲಿ ಸರಿಸಮ. ಕಪ್ಪು ನೆಲದ ಒಣ ಬೇಸಾಯದಲ್ಲಿ ಜೋಳ ಬರುತ್ತದೆ. 1950ರ ದಶಕದಲ್ಲಿ ತುಂಗಭದ್ರಾ ಜಲಾಶಯದ ಕಾಲುವೆ ನೀರು ಬಂದ ಮೇಲೆ ಭತ್ತವೂ ಬಂತು. ಅದಕ್ಕೇ ಇಲ್ಲಿನವರು ರೊಟ್ಟಿ ತಿಂದು ಮುಗಿಸಿ ಮತ್ತೆ ಅನ್ನ ಸಾರು ಕೇಳುವುದು.

ಮಾಂಸದ ಊಟ ಬೇಕಿದ್ದವರು ಕೌಲ್‌ಬಜಾರ್ ಕಡೆ ಹೋಗಿ ಬಿರಿಯಾನಿ ವಿಚಾರಿಸಿ. ಏನೇ ಆಗಲಿ, ಎರಡು ಗಂಟೆಯೊಳಗೆ ಕೂತಿರಬೇಕು. ಮೂರರ ಹೊತ್ತಿಗೆ ಒಳ್ಳೆಯ ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಆಗಲೂ ಎಲ್ಲ ಸಿಗುತ್ತದೆ ಅನ್ನುವ ಹೋಟೆಲಿನಲ್ಲಿ ಗೋಬಿ ಮಂಚೂರಿಯೇ ಸಿಗುವುದು.

ಊಟವಾದ ಮೇಲೆ ಮಜ್ಜಿಗೆ. ಬೇಸಿಗೆಯಲ್ಲಿ ಬಂದಿದ್ದರೆ ನನ್ನಾರಿ ಶರಬತ್ ಕೇಳಿ. ಸೊಗದೆ ಬೇರಿನ ಪಾಕ, ನಿಂಬೆರಸ, ಸೋಡ ಅಥವಾ ನೀರು. ರಾಯಲಸೀಮೆ ಕಡೆಯ ಪಾನೀಯ, ಇಲ್ಲಿಯೂ ಮನೆಮಾತು. ತಾಟಿನಿಂಗು (ತಾಳೆಕಾಯಿಯ ಎಳೆ ತಿರುಳು) ಸಿಕ್ಕರೆ ಎಳೆಯದನ್ನೇ ಆರಿಸಿ. ರಸ್ತೆ ಬದಿ ಐಸ್ ಬೇಡ, ಹೊಟ್ಟೆ ಕೆಟ್ಟರೆ ಸಂಜೆಯ ಕಾರ್ಯಕ್ರಮವೆಲ್ಲ ಹಾಳು.

6. ಮ್ಯೂಸಿಯಂ, ಆಮೇಲೆ ಸಂಗನಕಲ್ಲು

ನನ್ನ ಕೇಳಿದರೆ ಬಳ್ಳಾರಿಗೆ ಬರಬೇಕಾದ್ದೇ ಇದಕ್ಕೆ. ಆದರೆ ಹೆಚ್ಚಿನ ಪ್ರವಾಸಿಗರು ಇದನ್ನೇ ಬಿಟ್ಟುಹೋಗುತ್ತಾರೆ.

ರಾಬರ್ಟ್ ಬ್ರೂಸ್ ಫೂಟ್ ಭೂಗರ್ಭ ಶಾಸ್ತ್ರಜ್ಞ. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿ ಹುಡುಕಿ, ಈ ದೇಶದಲ್ಲಿ ಶಿಲಾಯುಗದ ಮನುಷ್ಯ ಇದ್ದ ಎಂದು ತೋರಿಸಿಕೊಟ್ಟವನು. ಬಳ್ಳಾರಿಯ ಗುಡ್ಡಗಳನ್ನೂ ಸುತ್ತಿದ. ಅವನ ಹೆಸರಿನಲ್ಲಿ ನಗರದಲ್ಲೊಂದು ಪುರಾತತ್ವ ಸಂಗ್ರಹಾಲಯವಿದೆ. ಅದು ಎದ್ದು ನಿಂತಿರುವುದರಲ್ಲಿ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಶ್ರಮ ದೊಡ್ಡದು. ರಜೆ ಯಾವಾಗ ಎಂದು ವಿಚಾರಿಸಿಕೊಂಡು, ಬಿಸಿಲು ಉರಿಯುವ ಹೊತ್ತಿನಲ್ಲೇ ಒಳಗೆ ಹೋಗಿ. ಕಲ್ಲಿನ ಆಯುಧಗಳನ್ನು ಇಲ್ಲಿ ನಿಧಾನವಾಗಿ ನೋಡಿಕೊಂಡರೆ ಗುಡ್ಡದ ಮೇಲೆ ಏನನ್ನು ಹುಡುಕಬೇಕೆಂದು ಗೊತ್ತಾಗುತ್ತದೆ. ಸಂಗನಕಲ್ಲಿಗೆ ದಾರಿ ತೋರಿಸುವವರು ಸಿಗುತ್ತಾರಾ ಎಂದೂ ಅಲ್ಲೇ ಕೇಳಿ.

ನಾಲ್ಕರ ಮೇಲೆ ಆಟೋ ಮಾಡಿಕೊಂಡು ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳ ಕಡೆ ಹೊರಡಿ. ಊರಿನಿಂದ ಹತ್ತಿರವೇ. ಹೋಗಿ ಬರುವ ಬಾಡಿಗೆ ಮೊದಲೇ ಮಾತಾಡಿ, ಆಟೋ ಅಲ್ಲೇ ನಿಲ್ಲಲಿ, ವಾಪಸ್ ಬರಲು ಬೇರೆ ಗಾಡಿ ಸುಲಭಕ್ಕೆ ಸಿಗುವುದಿಲ್ಲ. ಸುಮಾರು 5000 ವರ್ಷಗಳ ಹಿಂದಿನಿಂದ ಇಲ್ಲಿ ಜನ ದನ ಸಾಕಿಕೊಂಡು, ಕಲ್ಲಿನ ಕೊಡಲಿ ಮಾಡಿಕೊಂಡು ಬದುಕಿದ್ದರು. ಹಿರೇಗುಡ್ಡದಲ್ಲಿ ಕೊಡಲಿ ಮಾಡುವ ಕಾರ್ಖಾನೆಯೇ ಇತ್ತು ಅನ್ನಬಹುದು. ಒಡೆದು ಬಿಟ್ಟ ಚೂರುಗಳು ಅಷ್ಟು ಬಿದ್ದಿವೆ. ಒಂದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ.

ಗ್ರಾನೈಟಿನ ನಡುವೆ ಕಪ್ಪು ಕಲ್ಲಿನ ಪಟ್ಟಿಯೊಂದು ಓಡುತ್ತದೆ. ಚಿತ್ರಗಳಿರುವುದು ಅದರ ಮೇಲೆ. ಉದ್ದ ಕೊಂಬಿನ, ಡುಬ್ಬದ ದನಗಳು, ಮನುಷ್ಯರು. ಬಣ್ಣದ ಚಿತ್ರವಲ್ಲ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದು. ಇಳಿಬಿಸಿಲು ಓರೆಯಾಗಿ ಬೀಳುವಾಗಲೇ ಇವು ಚೆನ್ನಾಗಿ ಕಾಣುವುದು, ನಡುಮಧ್ಯಾಹ್ನ ಬಂದರೆ ಬರೀ ಕಲ್ಲು. ಅಲ್ಲಿಯೇ ಕೆಲವು ಬಂಡೆಗಳನ್ನು ಬಡಿದರೆ ಗಂಟೆಯಂತೆ ದನಿ ಬರುತ್ತದೆ. ಸಾವಿರಾರು ವರ್ಷ ಬಡಿದು ಬಡಿದು ಗುಳಿ ಬಿದ್ದಿದೆ. ಇನ್ನು ನೀವು ಬಡಿಯುವುದು ಬೇಡ. ಕಲ್ಲು ಗಣಿಗಾರಿಕೆಯಿಂದ ಈ ಗುಡ್ಡಗಳು ಆಗಲೇ ಸಾಕಷ್ಟು ಪೆಟ್ಟು ತಿಂದಿವೆ.

ದಾರಿ ಕಲ್ಲುಮುಳ್ಳಿನದು. ಒಬ್ಬರೇ ಹೋಗಬೇಡಿ, ಕತ್ತಲಾಗುವ ಮೊದಲೇ ಇಳಿಯಿರಿ. ಹಾವು ಚೇಳು ಇರುವ ಜಾಗ.

7. ರಾತ್ರಿ

ಸೂರ್ಯ ಇಳಿದ ಮೇಲೆ ಊರು ಮತ್ತೆ ಬೀದಿಗೆ ಬರುತ್ತದೆ. ಮಿರ್ಚಿ ಬಂಡಿಗಳು ಶುರು. ರಾಘವ ಕಲಾಮಂದಿರದಲ್ಲಿ ನಾಟಕ ಇದೆಯಾ ಕೇಳಿ, ಇದ್ದರೆ ಬಿಡಬೇಡಿ. ಬಳ್ಳಾರಿ ರಾಘವ ತೆಲುಗು ರಂಗಭೂಮಿಯ ದೊಡ್ಡ ನಟ, ಈ ಊರಿಗೆ ನಾಟಕದ ಹುಚ್ಚು ಆ ಕಾಲದಿಂದಲೂ ಇದೆ.

ಊರಿಗೆ ಒಯ್ಯಲು ಖಡಕ್ ರೊಟ್ಟಿ, ಶೇಂಗಾ ಪುಡಿ ಕಟ್ಟಿಸಿಕೊಳ್ಳಿ. ರೊಟ್ಟಿಯನ್ನು ರಟ್ಟಿನ ಡಬ್ಬಿಯಲ್ಲೇ ಹಾಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಗುಂತಕಲ್ ದಾಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಇನ್ನೊಂದು ದಿನ ಇದ್ದರೆ ಕುರುಗೋಡಿನ ದೊಡ್ಡಬಸವೇಶ್ವರ ಅಥವಾ ಸಂಡೂರಿನ ಕುಮಾರಸ್ವಾಮಿ ಗುಡಿ, ಎರಡರಲ್ಲಿ ಒಂದು ಆರಿಸಿಕೊಳ್ಳಿ. ಮಳೆಗಾಲವಾದರೆ ಸಂಡೂರು, ಆಗ ಅಲ್ಲಿನ ಬೆಟ್ಟಗಳು ಹಸಿರಾಗಿರುತ್ತವೆ.